ಮನೆ ಸಾಮಾನು ಕಟ್ಟಿ ಲಾರಿಗೆ ಏರಿಸುವಾಗ ಯಾವುದು ಮೊದಲು, ಯಾವುದು ಕೊನೆಗೆ?

ಮನೆ ಬದಲಿಸುತ್ತಿರುವವರು

ಎಲ್ಲರಿಗೂ ನಮಸ್ಕಾರ. ಇನ್ನು ಹತ್ತು ದಿನಗಳಲ್ಲಿ ನಾವು ಸುಮಾರು 380 ಕಿ.ಮೀ. ದೂರದ ಮನೆಗೆ ಹೋಗಬೇಕಾಗಿದೆ. ಈಗಿನ ಮನೆ ಮೂರನೆಯ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಮುಚ್ಚಿದ ಬಾಡಿಯ ಲಾರಿಯೊಂದನ್ನು ಗೊತ್ತು ಮಾಡಿದ್ದೇವೆ. ಹೊತ್ತು ಇಳಿಸಿ ಲಾರಿಗೆ ಏರಿಸಲು ನಾಲ್ವರು ಬರುತ್ತಾರೆ, ಆದರೆ ಕಟ್ಟುವ ಕೆಲಸವನ್ನು ನಾನು ಮತ್ತು ನನ್ನ ಪತಿ ಇಬ್ಬರೇ ಮಾಡಬೇಕು. ಫ್ರಿಡ್ಜ್, ಮುಂಬಾಗಿಲಿನ (ಮುಂಭಾಗದಿಂದ ಬಟ್ಟೆ ಹಾಕುವ) ವಾಷಿಂಗ್ ಮಷೀನ್, ಟಿ.ವಿ., ಎರಡು ಮಂಚ, ಮರದ ಹಳೆಯ ಬೀರು ಒಂದು, ಪಾರ್ಟಿಕಲ್ ಬೋರ್ಡಿನ (ಮರದ ಪುಡಿ ಒತ್ತಿ ಮಾಡಿದ ಹಲಗೆಯ) ಕಪಾಟು ಒಂದು, ಗಾಜಿನ ಮೇಲ್ಹಲಗೆಯ ಮೇಜು, ಪಿಂಗಾಣಿ ಪಾತ್ರೆಗಳು ಮತ್ತು ಎಣಿಸಿದರೆ ಆರುನೂರಕ್ಕೆ ಕಡಿಮೆಯಿಲ್ಲದ ಪುಸ್ತಕಗಳಿವೆ.

ಕಳೆದ ಬಾರಿ ಮನೆ ಬದಲಿಸಿದಾಗ ಎಲ್ಲವನ್ನೂ ಹಗ್ಗದಿಂದ ಬಿಗಿಯಾಗಿ ಕಟ್ಟಿಯೇ ಕಳುಹಿಸಿದ್ದೆವು. ಹಾಗಿದ್ದೂ ಅತ್ತೆಯವರ ಕಾಲದ ನಿಲುವುಗನ್ನಡಿ ಒಡೆದುಹೋಗಿತ್ತು, ಬೀರುವಿನ ಒಂದು ಮೂಲೆ ಜಜ್ಜಿಹೋಗಿತ್ತು. ಯಾರೂ ಕೈತಪ್ಪಿ ಬೀಳಿಸಿರಲಿಲ್ಲ, ಹಗ್ಗವೂ ಬಿಚ್ಚಿಕೊಂಡಿರಲಿಲ್ಲ. ಆ ಕನ್ನಡಿಯ ಚೂರುಗಳನ್ನು ಆರಿಸುವಾಗ ಅತ್ತೆಯವರು ಒಂದು ಮಾತೂ ಆಡಲಿಲ್ಲ, ಅದು ನನಗೆ ಇಂದಿಗೂ ನೋವಿನ ಸಂಗತಿ. ತಪ್ಪು ಎಲ್ಲಿ ಆಗಿರಬಹುದು, ಈ ಸಲ ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಸಾಗಣೆ ಕೆಲಸದಲ್ಲಿದ್ದವರು

ನಾನು ಹದಿನೇಳು ವರ್ಷ ಲಾರಿಗೆ ಮನೆ ಸಾಮಾನು ತುಂಬುವ ಕೆಲಸ ಮಾಡಿದವನು. ಬಿದ್ದು ಒಡೆದ ಸಾಮಾನಿಗಿಂತ ಅಲುಗಾಡಿ ಒಡೆದ ಸಾಮಾನನ್ನೇ ಹೆಚ್ಚಾಗಿ ಕಂಡಿದ್ದೇನೆ. ನಿಮ್ಮ ಕನ್ನಡಿಯ ಪಕ್ಕದಲ್ಲಿ ಎಲ್ಲೋ ಖಾಲಿ ಜಾಗ ಉಳಿದಿರಬೇಕು ಎಂದು ನನಗೆ ತೋರುತ್ತದೆ. ನಾಲ್ಕು ಬೆರಳಿನಷ್ಟು ಸಂದು ಬಿಟ್ಟರೂ ರಸ್ತೆಯ ಪ್ರತಿಯೊಂದು ಉಬ್ಬಿನಲ್ಲಿ ಪಕ್ಕದ ಪೆಟ್ಟಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಅದು ಸರಿದಷ್ಟೂ ಸಂದು ದೊಡ್ಡದಾಗಿ, ನೂರು ಕಿ.ಮೀ. ಕಳೆಯುವಷ್ಟರಲ್ಲಿ ಹಗ್ಗ ಹಾಕಿದ ಕಡೆಯಲ್ಲೇ ಉಳಿದು ಒಳಗಿನ ಸಾಮಾನು ಬೇರೆ ಆಕಾರ ಪಡೆದಿರುತ್ತದೆ. ಹಗ್ಗ ಸಾಮಾನನ್ನು ಹಿಡಿಯುವುದು ಸಾಮಾನು ಒಂದಕ್ಕೊಂದು ಆತುಕೊಂಡಿರುವವರೆಗೆ ಮಾತ್ರ.

ಆದ್ದರಿಂದ ಕಟ್ಟುವ ಕೆಲಸಕ್ಕೆ ಕೈಹಾಕುವ ಮೊದಲೇ ಲಾರಿಯೊಳಗೆ ಯಾವುದು ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಕ್ಯಾಬಿನ್ನಿಗೆ ತಾಗಿದ ಗೋಡೆಯ ಬಳಿ ಅತ್ಯಂತ ಭಾರದ ಮತ್ತು ಎತ್ತರದ ಸಾಮಾನುಗಳು ಬರಬೇಕು: ಬೀರು, ಫ್ರಿಡ್ಜ್, ವಾಷಿಂಗ್ ಮಷೀನ್. ಭಾರವೆಲ್ಲ ಎಡಕ್ಕೋ ಬಲಕ್ಕೋ ಬೀಳದಂತೆ ಬೀರು ಒಂದು ಬದಿಗಾದರೆ ಫ್ರಿಡ್ಜ್, ಮಷೀನ್ ಇನ್ನೊಂದು ಬದಿಗಿರಲಿ. ಹಿಂದಿನ ಗಾಲಿಗಳಿಗಿಂತ ಆಚೆಗೆ ಭಾರ ಸೇರಿಸಿದರೆ ಲಾರಿಯ ಮುಂಭಾಗ ಹಗುರವಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಇದನ್ನು ಚಾಲಕರೇ ಮೊದಲು ಗಮನಿಸುತ್ತಾರೆ, ಆದರೆ ತುಂಬುವವರು ಅವರನ್ನು ಕೇಳುವುದೇ ಕಡಿಮೆ.

ಅಲ್ಲಿಂದ ಮುಂದೆ ಗೋಡೆ ಕಟ್ಟಿದ ಹಾಗೆ ತುಂಬಿಸುತ್ತ ಬನ್ನಿ. ನೆಲದಿಂದ ಛಾವಣಿಯವರೆಗೆ ಒಂದು ಸಾಲು ಪೂರ್ತಿಯಾಗಿ, ಅದಕ್ಕೊಂದು ಪಟ್ಟಿ ಬಿಗಿದ ಮೇಲೆಯೇ ಎರಡನೆಯ ಸಾಲು. ಕೆಳಗೆ ಪುಸ್ತಕದ ಪೆಟ್ಟಿಗೆಗಳು, ನಡುವೆ ಪಾತ್ರೆ ಮತ್ತು ಇತರ ಪೆಟ್ಟಿಗೆಗಳು, ಮೇಲೆ ಬಟ್ಟೆ, ದಿಂಬು, ಲಾಂದ್ರದಂಥ ಹಗುರ ವಸ್ತುಗಳು. ನೆಲದ ಮೇಲೆಲ್ಲ ಒಂದೇ ಎತ್ತರಕ್ಕೆ ಹರಡಿಟ್ಟು ಆಮೇಲೆ ಅದರ ಮೇಲೆ ಹತ್ತಿ ನಿಂತು ಇನ್ನಷ್ಟು ಏರಿಸುವ ಪದ್ಧತಿಯನ್ನು ನಾನು ಎಂದೂ ಒಪ್ಪಿದವನಲ್ಲ. ಅಲ್ಲಿ ಕಾಲಿಡುವ ಪೆಟ್ಟಿಗೆ ಯಾರದೋ ಮನೆಯದು.

ಯಂತ್ರಶಾಸ್ತ್ರ ಕಲಿಸುವವರು

ಹಿರಿಯರು ಅನುಭವದಿಂದ ಹೇಳಿದ ಮಾತಿಗೆ ಲೆಕ್ಕದ ಆಧಾರವೂ ಇದೆ. ಲಾರಿಯ ಮೇಲಿನ ಸರಕನ್ನು ಕಟ್ಟುವ ಬಗ್ಗೆ ಯುರೋಪಿನ ಮಾನದಂಡದಲ್ಲಿಯೂ ಅಮೆರಿಕದ ನಿಯಮಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಅಳತೆಯಿದೆ. ಸರಕಿನ ತೂಕದ 0.8 ಪಾಲಿನಷ್ಟು ಬಲವನ್ನು ಮುಂದಕ್ಕೂ, 0.5 ಪಾಲಿನಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ಕಟ್ಟು ತಡೆಯಬೇಕು. ಅಂದರೆ ಚಾಲಕರು ಜೋರಾಗಿ ಬ್ರೇಕ್ ಹಾಕಿದಾಗ 60 ಕಿಲೋ ತೂಕದ ಫ್ರಿಡ್ಜ್ ತನ್ನ ಮುಂದಿರುವುದನ್ನು 48 ಕಿಲೋ ಭಾರ ಒರಗಿದಂತೆ ಒತ್ತಬಹುದು. ಅದರ ಮುಂದೆ ಕ್ಯಾಬಿನ್ನಿನ ಗೋಡೆಯಿದ್ದರೆ ಗೋಡೆ ತಡೆಯುತ್ತದೆ, ಕನ್ನಡಿಯಿದ್ದರೆ ಕನ್ನಡಿ ಒಡೆಯುತ್ತದೆ, ಖಾಲಿ ಜಾಗವಿದ್ದರೆ ಫ್ರಿಡ್ಜ್ ಅಷ್ಟು ದೂರ ವೇಗ ಪಡೆದು ಆಮೇಲೆ ಗುದ್ದುತ್ತದೆ. ಈ ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಒರಗುವ ಬಲಕ್ಕಿಂತ ಗುದ್ದುವ ಬಲ ಎಷ್ಟೋ ಪಟ್ಟು ಹೆಚ್ಚು.

ಇದೇ ವಿಚಾರ ಪೆಟ್ಟಿಗೆಯ ಒಳಗೂ ಅನ್ವಯಿಸುತ್ತದೆ. ರಟ್ಟಿನ ಪೆಟ್ಟಿಗೆಯ ಶಕ್ತಿ ಹೆಚ್ಚಾಗಿ ಅದರ ನಾಲ್ಕು ಮೂಲೆಗಳಲ್ಲಿದೆ. ಒಂದೇ ಅಳತೆಯ ಪೆಟ್ಟಿಗೆಗಳನ್ನು ಮೂಲೆಗೆ ಮೂಲೆ ಕೂರುವಂತೆ ನೇರವಾಗಿ ಪೇರಿಸಿದರೆ ಭಾರ ಮೂಲೆಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಇಟ್ಟಿಗೆ ಜೋಡಿಸಿದ ಹಾಗೆ ಅಡ್ಡಾದಿಡ್ಡಿ ಇಟ್ಟರೆ ಮೇಲಿನ ಪೆಟ್ಟಿಗೆಯ ಮೂಲೆ ಕೆಳಗಿನದರ ಮೆತ್ತನೆಯ ನಡುಭಾಗದ ಮೇಲೆ ಕೂತು, ತಡೆಯುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಬಹುದು. ಅರೆತುಂಬಿದ ಪೆಟ್ಟಿಗೆಯ ಮುಚ್ಚಳವಂತೂ ಕುಸಿದೇ ಕುಸಿಯುತ್ತದೆ. ತೇವ ತಗುಲಿದ ರಟ್ಟು ನೋಡಲು ಗಟ್ಟಿಯಾಗಿಯೇ ಕಂಡರೂ ಬಲ ಕಳೆದುಕೊಂಡಿರುತ್ತದೆ. ಆದ್ದರಿಂದ ಬಚ್ಚಲಿನ ಪಕ್ಕದಲ್ಲೋ ಬರಿ ನೆಲದ ಮೇಲೋ ಬಹುದಿನ ಇಟ್ಟಿದ್ದ ಹಳೆಯ ಪೆಟ್ಟಿಗೆಗಳನ್ನು ಕೆಳಸಾಲಿಗೆ ಬಳಸಬೇಡಿ.

ಪುಸ್ತಕಗಳ ಬಗ್ಗೆ ಒಂದು ಮಾತು. ಒತ್ತಾಗಿ ಜೋಡಿಸಿದ ಪುಸ್ತಕಗಳು, ಪ್ರತಿ ಬದಿ 30 ಸೆಂ.ಮೀ. ಇರುವ ಚಿಕ್ಕ ಪೆಟ್ಟಿಗೆಯಲ್ಲಿಯೇ 20 ಕಿಲೋ ಆಸುಪಾಸು ತೂಗುತ್ತವೆ. ಅದೇ ಪುಸ್ತಕಗಳನ್ನು 45 ಸೆಂ.ಮೀ. ಪೆಟ್ಟಿಗೆಗೆ ತುಂಬಿದರೆ ತೂಕ ಮೂರು ಪಟ್ಟಿಗೂ ಮೀರುತ್ತದೆ. ಔದ್ಯೋಗಿಕ ಆರೋಗ್ಯ ಕುರಿತ ಅಮೆರಿಕದ ಸಂಸ್ಥೆಯಾದ ನಿಯಾಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಎಲ್ಲ ಅನುಕೂಲಗಳೂ ಇದ್ದಾಗ ಒಬ್ಬರು ಎರಡು ಕೈಯಿಂದ ಎತ್ತಬಹುದಾದ ಮೇಲ್ಮಿತಿ 23 ಕಿಲೋ. ಮೆಟ್ಟಿಲಿನ ಮೇಲೆ ಅಂಥ ಅನುಕೂಲ ಯಾವುದೂ ಇರುವುದಿಲ್ಲ. ನಿಮ್ಮದು ಮೂರನೆಯ ಮಹಡಿಯಾದ್ದರಿಂದ ಯಾವ ಪೆಟ್ಟಿಗೆಯೂ 15 ಕಿಲೋ ದಾಟದಂತೆ ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಪೆಟ್ಟಿಗೆಯ ತಳಭಾಗಕ್ಕೆ ಪುಸ್ತಕ, ಮೇಲ್ಭಾಗಕ್ಕೆ ಟವೆಲು, ಹೊದಿಕೆ ತುಂಬಿದರೆ ತೂಕವೂ ಮಿತಿಯಲ್ಲಿರುತ್ತದೆ, ಪೆಟ್ಟಿಗೆಯೂ ಭರ್ತಿಯಾಗುತ್ತದೆ. ಹೊರುವ ನಾಲ್ವರ ಬೆನ್ನುಮೂಳೆಯೂ ನಮ್ಮ ಜವಾಬ್ದಾರಿಯೇ.

ಉಪಕರಣ ದುರಸ್ತಿ ಮಾಡುವವರು

ಫ್ರಿಡ್ಜನ್ನು ಹೊರಡುವ ಹಿಂದಿನ ದಿನವೇ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಮಂಜೆಲ್ಲ ಕರಗಿದ ಮೇಲೆ ಒಳಗನ್ನೂ ಹಿಂಬದಿಯ ನೀರಿನ ತಟ್ಟೆಯನ್ನೂ ಒಣಬಟ್ಟೆಯಿಂದ ಒರೆಸಬೇಕು. ಗಾಜಿನ ಹಲಗೆಗಳನ್ನು ಹೊರತೆಗೆದು ಬೇರೆಯಾಗಿ ಸುತ್ತಬೇಕು. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳೊಳಗೆ ಹರಿಯುತ್ತದೆ. ಆ ಸ್ಥಿತಿಯಲ್ಲಿ ಇಳಿಸಿದ ಕೂಡಲೇ ಚಾಲೂ ಮಾಡಿದರೆ ಕಂಪ್ರೆಸರ್ ಕೆಡುವ ಸಂಭವವಿದೆ. ನೆಟ್ಟಗೆ ಬಂದದ್ದಾದರೂ ಕೆಲವು ಗಂಟೆ ಬಿಡಿ, ಮೆಟ್ಟಿಲಿನಲ್ಲೋ ಲಾರಿಯಲ್ಲೋ ಹೆಚ್ಚು ಹೊತ್ತು ಮಲಗಿದ್ದಿದ್ದರೆ ಒಂದು ದಿನ ಬಿಡುವುದು ಕ್ಷೇಮ. ಈಚಿನ ಮನೆಬಳಕೆಯ ಫ್ರಿಡ್ಜುಗಳಲ್ಲಿ ಅನೇಕವು ಐಸೋಬ್ಯೂಟೇನ್ ಎಂಬ ಉರಿಯುವ ಅನಿಲವನ್ನು ಬಳಸುತ್ತವೆ. ಪ್ರಮಾಣ ಸ್ವಲ್ಪವೇ ಆದರೂ ಹಿಂಬದಿಯ ಕೊಳವೆಗೆ ಹಗ್ಗ ಸುತ್ತಿ ಎಳೆಯಬಾರದು, ಚೂಪಾದ ವಸ್ತು ತಾಗಿಸಬಾರದು.

ವಾಷಿಂಗ್ ಮಷೀನಿನ ವಿಚಾರವನ್ನು ಹೆಚ್ಚಿನವರು ಮರೆಯುತ್ತಾರೆ. ಮುಂಬಾಗಿಲಿನ ಮಷೀನಿನ ಡ್ರಮ್ ಒಳಗೆ ಸ್ಪ್ರಿಂಗುಗಳ ಮೇಲೆ ತೂಗಾಡಿಕೊಂಡಿರುತ್ತದೆ. ಕೊಂಡ ದಿನ ಹಿಂಬದಿಯಿಂದ ಬಿಚ್ಚಿ ಕೊಟ್ಟ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳನ್ನು ಎಲ್ಲಿಟ್ಟಿದ್ದೀರಿ ಎಂದು ಇಂದೇ ಹುಡುಕಿ. ಅವನ್ನು ಮರಳಿ ಹಾಕಿದರೆ ಮಾತ್ರ ಡ್ರಮ್ ಸ್ಥಿರವಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಹೊರಗಿನಿಂದ ನೀವು ಎಷ್ಟೇ ಭದ್ರವಾಗಿ ಸುತ್ತಿದರೂ ಒಳಗಿನ ಡ್ರಮ್ ದಾರಿಯುದ್ದಕ್ಕೂ ತಗಡಿಗೆ ಬಡಿಯುತ್ತಿರುತ್ತದೆ. ಬೋಲ್ಟು ಸಿಗದಿದ್ದರೆ ಅದೇ ಮಾದರಿಯದನ್ನು ತಯಾರಕರಿಂದ ತರಿಸಿಕೊಳ್ಳಲು ನಿಮಗಿನ್ನೂ ಹತ್ತು ದಿನ ಸಮಯವಿದೆ. ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರನ್ನು ಬಸಿದುಬಿಡಿ, ನೀರು ಉಳಿದರೆ ಅದು ಪಕ್ಕದ ಪೆಟ್ಟಿಗೆಗಳ ತಳ ಸೇರುತ್ತದೆ. ಬೋಲ್ಟು ಹಾಕಿದ್ದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಏಕೆಂದರೆ ಅದನ್ನು ಬಿಚ್ಚದೆ ಹೊಸ ಮನೆಯಲ್ಲಿ ಮಷೀನ್ ತಿರುಗಿಸುವುದು ಇನ್ನೂ ದೊಡ್ಡ ಅಪಾಯ.

ಟಿ.ವಿ.ಯನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ.

ಎರಡು ಬಾರಿ ಮನೆ ಬದಲಿಸಿದವರು

ಪಿಂಗಾಣಿಯ ಬಗ್ಗೆ ನಾನು ಹೇಳುತ್ತೇನೆ. ಮೊದಲ ಸಲ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿ, ನಡುನಡುವೆ ಕಾಗದ ಹಾಕಿ ಕಟ್ಟಿದ್ದೆ. ಮೇಲಿನ ಹತ್ತು ಉಳಿದವು, ತಳದ ಆರು ಸೀಳಿಹೋದವು. ಎರಡನೆಯ ಸಲ ತಿಳಿದವರೊಬ್ಬರು ಪಕ್ಕದಲ್ಲಿ ಕೂತು ಕಲಿಸಿಕೊಟ್ಟರು. ಪೆಟ್ಟಿಗೆಯ ತಳಕ್ಕೆ ಎರಡು ಬೆರಳುದ್ದ ದಪ್ಪವಾಗುವಷ್ಟು ಮುದ್ದೆ ಮಾಡಿದ ಕಾಗದ ಹಾಸಬೇಕು. ಕಾಗದದ ಒಂದು ಮೂಲೆಯಿಂದ ಆರಂಭಿಸಿ ತಟ್ಟೆಯನ್ನು ಉರುಳಿಸುತ್ತ ಸುತ್ತಿ, ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಬೇಕು. ಕೊನೆಯ ತಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸುವ ಹಾಗಿರಬೇಕು. ಆಮೇಲೆ ಮೇಲೂ ಕಾಗದದ ಮುದ್ದೆ. ಮುಚ್ಚಿದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ ಕಿವಿಗೊಟ್ಟಾಗ ಏನೂ ಕೇಳಿಸಬಾರದು. ಕಿಣಿ ಎಂದರೆ ಮತ್ತೆ ಬಿಚ್ಚಿ ತುಂಬಬೇಕು. ಆ ಸಲ ನಲವತ್ತೆರಡು ತಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ. ಒಳಸುತ್ತಿಗೆ ಅಚ್ಚಾಗದ ಬಿಳಿ ಕಾಗದ ಬಳಸಿ. ಸುದ್ದಿಪತ್ರಿಕೆಯ ಮಸಿ ಪಿಂಗಾಣಿಯ ಒರಟು ಅಂಚಿಗೆ ಹತ್ತಿದರೆ ತಿಕ್ಕಿದರೂ ಬೇಗ ಹೋಗುವುದಿಲ್ಲ.

ಮಂಚ ಬಿಚ್ಚುವ ಮೊದಲು ಪ್ರತಿಯೊಂದು ಜೋಡಣೆಯ ಫೋಟೋ ತೆಗೆದುಕೊಳ್ಳಿ, ತಿರುಪುಗಳನ್ನು ಚಿಕ್ಕ ಚೀಲಕ್ಕೆ ಹಾಕಿ ಆ ಮಂಚದ ಚೌಕಟ್ಟಿಗೇ ಟೇಪಿನಿಂದ ಅಂಟಿಸಿ. ನಾನು ಎಲ್ಲ ತಿರುಪುಗಳನ್ನೂ ಒಂದೇ ಡಬ್ಬದಲ್ಲಿ ಹಾಕಿ, ಆ ಡಬ್ಬ ಯಾವ ಪೆಟ್ಟಿಗೆಯಲ್ಲಿದೆ ಎಂದು ತಿಳಿಯದೆ ಮೂರು ರಾತ್ರಿ ಮಕ್ಕಳನ್ನು ನೆಲದ ಮೇಲೆ ಮಲಗಿಸಿದ್ದೆ. ಪೆಟ್ಟಿಗೆಯ ಮೇಲೆ ಬರೆಯುವ ಬದಲು ಅದರ ಎರಡು ಪಕ್ಕಗಳಲ್ಲಿ ಕೋಣೆಯ ಹೆಸರು ಮತ್ತು ಸಂಖ್ಯೆ ಬರೆಯಿರಿ. ಪೇರಿಸಿದ ಮೇಲೆ ಕಾಣುವುದು ಪಕ್ಕಗಳೇ. ಒಳಗೇನಿದೆ ಎಂಬುದು ನಿಮ್ಮ ಪುಸ್ತಕದಲ್ಲಿದ್ದರೆ ಸಾಕು. ದಾಖಲೆ ಪತ್ರ, ಒಡವೆ, ನಿತ್ಯದ ಔಷಧ, ಪವರ್ ಬ್ಯಾಂಕ್ ಇವನ್ನು ಲಾರಿಗೆ ಕೊಡಬೇಡಿ, ನಿಮ್ಮ ಜೊತೆಗೇ ಇರಲಿ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಿದೆ. ಬೀರು, ಕಪಾಟುಗಳ ಸೆಳೆಖಾನೆಗಳಲ್ಲಿರುವ ಬಟ್ಟೆಯನ್ನು ಹಾಗೆಯೇ ಬಿಟ್ಟು ಸಾಗಿಸಿದರೆ ಪೆಟ್ಟಿಗೆಯೂ ಉಳಿಯುತ್ತದೆ, ಖಾಲಿ ಜಾಗವೂ ತುಂಬುತ್ತದೆ. ಹಿರಿಯರು ಇದನ್ನು ಏಕೆ ಹೇಳಲಿಲ್ಲ?

ಸಾಗಣೆ ಕೆಲಸದಲ್ಲಿದ್ದವರು

ನೀವು ಹೇಳಿದ್ದು ಗಟ್ಟಿಮರದ, ಚಿಕ್ಕ ಸಾಮಾನಿಗೆ, ಅದೂ ನೆಲಮಹಡಿಯಿಂದ ಹೊರಡುವಾಗ ಸರಿ. ಇವರದು ಮೂರು ಮಹಡಿಯ ಮೆಟ್ಟಿಲು. ತಿರುವಿನಲ್ಲಿ ಬೀರುವನ್ನು ಓರೆ ಮಾಡಿ ಇಳಿಸುವಾಗ ಒಳಗಿನ ಬಟ್ಟೆಯೆಲ್ಲ ಒಂದು ಕಡೆಗೆ ಜಾರಿ, ಕೆಳಗೆ ಹಿಡಿದವನ ಮೇಲೆ ಭಾರ ಒಮ್ಮೆಲೇ ಬೀಳುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಹೀಗೆಯೇ ಮಣಿಕಟ್ಟು ಮುರಿದುಕೊಂಡು ಎರಡು ತಿಂಗಳು ಮನೆಯಲ್ಲಿ ಕೂತರು. ಸೆಳೆಖಾನೆಗಳನ್ನು ಹೊರತೆಗೆದು ಬಟ್ಟೆಸಮೇತ ಬೇರೆಯಾಗಿ ಇಳಿಸಿ, ಲಾರಿಯಲ್ಲಿ ಬೀರು ನಿಂತ ಮೇಲೆ ಮತ್ತೆ ಅದರೊಳಗೆ ಸೇರಿಸಿ. ಆಗ ನಿಮ್ಮ ಮಾತೂ ನಡೆಯುತ್ತದೆ. ಪಾರ್ಟಿಕಲ್ ಬೋರ್ಡಿನ ಕಪಾಟನ್ನು ಮಾತ್ರ ಖಾಲಿ ಮಾಡಿ, ಹಲಗೆಗಳನ್ನು ಬಿಚ್ಚಿಯೇ ಸಾಗಿಸಬೇಕು. ಜೋಡಿಸಿದ ಸ್ಥಿತಿಯಲ್ಲಿ ಅದು ಓಲಾಡಿದರೆ ತಿರುಪು ಕೂತ ರಂಧ್ರಗಳೇ ಪುಡಿಯಾಗುತ್ತವೆ.

ಮನೆ ಬದಲಿಸುತ್ತಿರುವವರು

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಕೃತಜ್ಞತೆಗಳು. ಬೋಲ್ಟುಗಳು ಸಿಕ್ಕಿದವು, ಮಷೀನಿನ ಕೈಪಿಡಿಯ ಜೊತೆಗೇ ಇದ್ದವು. ಇನ್ನೆರಡು ಪ್ರಶ್ನೆಗಳಿವೆ. ಗಾಜಿನ ಮೇಲ್ಹಲಗೆಯನ್ನು ಮಲಗಿಸಬೇಕೋ ನಿಲ್ಲಿಸಬೇಕೋ? ಎಷ್ಟೇ ಲೆಕ್ಕ ಹಾಕಿ ತುಂಬಿದರೂ ಉಳಿಯುವ ಸಂದುಗಳನ್ನು ಏನಿಂದ ತುಂಬಬೇಕು?

ಸಾಗಣೆ ಕೆಲಸದಲ್ಲಿದ್ದವರು

ಗಾಜು ಮಲಗಿದ್ದರೆ ತನ್ನ ಭಾರಕ್ಕೇ ಬಾಗುತ್ತದೆ, ಪ್ರತಿ ಉಬ್ಬಿನಲ್ಲೂ ನಡುಭಾಗ ಕುಣಿಯುತ್ತದೆ. ನಿಲ್ಲಿಸಿದರೆ ಆ ತೊಂದರೆಯಿಲ್ಲ. ಮೊದಲು ಗಾಜಿನ ಮೇಲೆ ಕರ್ಣಗಳ ಉದ್ದಕ್ಕೆ ಟೇಪು ಅಂಟಿಸಿ. ಇದರಿಂದ ಗಾಜು ಗಟ್ಟಿಯಾಗುವುದಿಲ್ಲ, ಆದರೆ ಒಡೆದರೆ ಚೂರು ಚದುರಿ ಯಾರ ಕೈಗೂ ಚುಚ್ಚುವುದಿಲ್ಲ. ಆಮೇಲೆ ಮೂಲೆಗಳಿಗೆ ದಪ್ಪ ರಟ್ಟು ಮಡಿಸಿ ಹಾಕಿ, ಕಂಬಳಿ ಸುತ್ತಿ, ಎರಡು ಹಾಸಿಗೆಗಳ ನಡುವೆ ಅಂಚಿನ ಮೇಲೆ ನಿಲ್ಲಿಸಿ. ಕೆಳಅಂಚಿನ ಅಡಿಗೂ ಮಡಿಸಿದ ಕಂಬಳಿ ಇರಲಿ. ಹಾಸಿಗೆಗಳನ್ನು ಲಾರಿಯ ಪಕ್ಕದ ಗೋಡೆಗೆ ಆನಿಸಿ ಪಟ್ಟಿ ಬಿಗಿಯಿರಿ, ಆದರೆ ಹಾಸಿಗೆ ನಡುವಿನಲ್ಲಿ ಕುಗ್ಗಿ ಸೊಂಟ ಕಾಣುವಷ್ಟು ಬಿಗಿಯಬೇಡಿ.

ಸಂದು ತುಂಬಲು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ದಿಂಬು, ರಜಾಯಿ, ಪರದೆ, ಸುತ್ತಿದ ಚಾಪೆ, ಚಳಿಗಾಲದ ಬಟ್ಟೆಯ ಗಂಟು ಇವುಗಳನ್ನು ಮೊದಲೇ ಲಾರಿಗೆ ಏರಿಸಲು ಬಿಡದೆ ಒಂದು ಕಡೆ ರಾಶಿ ಹಾಕಿಸಿ, ಸಾಲು ಮುಗಿದಂತೆಲ್ಲ ಒಂದೊಂದನ್ನೇ ತುರುಕುತ್ತ ಬನ್ನಿ. ಹೊರುವವರು ಹಗುರವಾದದ್ದನ್ನು ಮೊದಲು ಎತ್ತಿಕೊಂಡು ಹೋಗುವುದು ಸಹಜ, ಅವರಿಗೆ ಆರಂಭದಲ್ಲೇ ವಿನಯದಿಂದ ತಿಳಿಸಿ. ತುಂಬಿದ ಸಾಲಿಗೆ ಅಂಗೈ ಇಟ್ಟು ಮೈಭಾರ ಹಾಕಿ ತಳ್ಳಿ ನೋಡಿ. ಒಂದು ಪೆಟ್ಟಿಗೆಯಷ್ಟೇ ಅಲುಗಿದರೆ ಅಲ್ಲಿ ಇನ್ನೂ ಸಂದಿದೆ, ಇಡೀ ಸಾಲು ಒಂದಾಗಿ ತಡೆದರೆ ಮುಂದಿನ ಸಾಲು ಹಿಡಿಯಬಹುದು.

ಹಿಂಬಾಗಿಲಿನ ಬಳಿಯ ಕೊನೆಯ ಸಾಲಿಗೆ ವಿಶೇಷ ಗಮನ ಕೊಡಿ. ಅಲ್ಲಿಗೆ ಬರುವಾಗ ಎಲ್ಲರೂ ದಣಿದಿರುತ್ತಾರೆ. ಅಲ್ಲದೆ ಮೊದಲು ಇಳಿಯಬೇಕಾದದ್ದು, ಅಂದರೆ ಉಪಕರಣದ ಚೀಲ, ಪೊರಕೆ, ಮಂಚದ ಭಾಗಗಳು, ಮೊದಲ ರಾತ್ರಿಗೆ ಬೇಕಾದ ಪೆಟ್ಟಿಗೆ, ಎಲ್ಲವೂ ಅಲ್ಲಿಯೇ ಬರುವುದು, ಅವುಗಳ ಆಕಾರ ಒಂದೂ ಸರಿಯಾಗಿರುವುದಿಲ್ಲ. ಹೊರಟ 40 ಕಿ.ಮೀ. ಒಳಗೆ ಒಮ್ಮೆ ಲಾರಿ ನಿಲ್ಲಿಸಿ ಬಾಗಿಲು ತೆರೆದು ನೋಡುವಂತೆ ಚಾಲಕರನ್ನು ಕೇಳಿಕೊಳ್ಳಿ. ಸಾಮಾನು ಕುಲುಕಿ ಕೂತಮೇಲೆ ಪಟ್ಟಿಗಳು ಸಡಿಲವಾಗುವುದು ಖಚಿತ.

ಪೆಟ್ರೋಲ್, ತಿನ್ನರ್, ಅನಿಲದ ಸಿಲಿಂಡರ್ ಇವು ಯಾವ ಕಾರಣಕ್ಕೂ ಮನೆ ಸಾಮಾನಿನ ಜೊತೆ ಮುಚ್ಚಿದ ಲಾರಿಯೊಳಗೆ ಹೋಗಬಾರದು.

ಮನೆ ಬದಲಿಸುತ್ತಿರುವವರು

ಹೊಸ ಮನೆಯಿಂದ ಬರೆಯುತ್ತಿದ್ದೇನೆ. ಸಾಮಾನು ನಿನ್ನೆ ಸಂಜೆ ಇಳಿಯಿತು. ಒಟ್ಟು ಎಪ್ಪತ್ತೊಂದು ಪೆಟ್ಟಿಗೆಗಳಾದವು, ಅದರಲ್ಲಿ ಇಪ್ಪತ್ತಾರು ಪುಸ್ತಕದವು. ತುಂಬಲು ಆರು ಗಂಟೆ ಹಿಡಿಯಿತು. ದಿಂಬುಗಳನ್ನು ತಡೆದು ನಿಲ್ಲಿಸಿದಾಗ ಹೊರುವವರಿಗೆ ಮೊದಮೊದಲು ಬೇಸರವಾದಂತೆ ಕಂಡಿತು. ಎರಡನೆಯ ಸಾಲಿನ ಹೊತ್ತಿಗೆ ಅವರಲ್ಲೇ ಒಬ್ಬರು ಸಾಲನ್ನು ತಳ್ಳಿ ನೋಡಿ, "ಅಮ್ಮಾ, ಇಲ್ಲೊಂದು ದಿಂಬು ಕೊಡಿ" ಎಂದು ಕೇಳತೊಡಗಿದರು.

ಚಾಲಕರು 35 ಕಿ.ಮೀ. ದಾಟಿದ ಮೇಲೆ ಲಾರಿ ನಿಲ್ಲಿಸಿದರು. ಐದು ಪಟ್ಟಿಗಳಲ್ಲಿ ಮೂರು ಸಡಿಲವಾಗಿದ್ದವು, ಮುಂದಿನ ಎರಡು ಸಾಲುಗಳದ್ದು ಹಾಗೆಯೇ ಇದ್ದವು. ತಟ್ಟೆ, ಗಾಜು, ಟಿ.ವಿ., ಬೀರು ಎಲ್ಲವೂ ಸುರಕ್ಷಿತವಾಗಿವೆ. ಫ್ರಿಡ್ಜನ್ನು ಮೆಟ್ಟಿಲಿನ ತಿರುವಿನಲ್ಲಿ ಸ್ವಲ್ಪ ಹೊತ್ತು ಮಲಗಿಸಲೇಬೇಕಾಯಿತು, ಆದ್ದರಿಂದ ಇಂದು ಸಂಜೆಯವರೆಗೂ ಚಾಲೂ ಮಾಡುವುದಿಲ್ಲ. ಹಾಳಾದದ್ದು ಒಂದೇ, ಮಗಳ ಓದುವ ಮೇಜಿನ ಒಂದು ಕಾಲು. ಅದು ಕೊನೆಯ ಸಾಲಿನಲ್ಲಿ ಹಿಂಬಾಗಿಲ ಪಕ್ಕದಲ್ಲಿತ್ತು. ಕತ್ತಲಾಗುತ್ತಿದೆ ಎಂದು ನಾನೇ ಅವಸರಪಡಿಸಿ, ಅಲ್ಲಿ ಒಂದು ಗೇಣಿನಷ್ಟು ಜಾಗ ಬಿಟ್ಟು ಬಾಗಿಲು ಹಾಕಿಸಿದ್ದೆ.

ಅತ್ತೆಯವರು ಈಗ ಪಕ್ಕದ ಕೋಣೆಯಲ್ಲಿ ತಟ್ಟೆಗಳ ಪೆಟ್ಟಿಗೆ ಬಿಚ್ಚುತ್ತಿದ್ದಾರೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿದ್ದಾರೆ, ಕಾಗದಗಳನ್ನು ನೀವಿ ಮಡಿಸಿ ಬೇರೆಯಾಗಿ ಜೋಡಿಸುತ್ತಿದ್ದಾರೆ. ಮೇಜಿನ ಕಾಲಿಗೆ ಮರದ ಬೆಣೆ ಕೂರಿಸಿ ಅಂಟು ಹಾಕಿದರೆ ನಿಲ್ಲುತ್ತದೆಯೋ, ಹೊಸ ಕಾಲನ್ನೇ ಮಾಡಿಸಬೇಕೋ, ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಬಿರುಕು ತಿರುಪು ಕೂರುವ ಜಾಗದಿಂದ ಎರಡು ಬೆರಳು ಕೆಳಗಿದೆ, ಮರ ಗಟ್ಟಿಯಾದದ್ದು.